ರಾಜನಾದ ಮೇಲೆ ಏನು?

‘ಒನ್ ಪೀಸ್’ ಮಂಗಾದ 1060ನೇ ಅಧ್ಯಾಯ ಹೊರಬಂದದ್ದು 2022ರ ಸೆಪ್ಟೆಂಬರಿನಲ್ಲಿ. ಅಧ್ಯಾಯದ ಹೆಸರು ‘ಲೂಫಿಯ ಕನಸು’. ಹೆಸರು ನೋಡಿದವರಿಗೆ, ಇವತ್ತು ಕನಸು ಏನೆಂದು ಗೊತ್ತಾಗಿಯೇ ಬಿಡುತ್ತದೆ ಅನ್ನಿಸಬೇಕು. ಹಡಗಿನಲ್ಲಿ ಎಲ್ಲರೂ ಸೇರಿರುವಾಗ ಮಾತಿಗೆ ಮಾತು ಬೆಳೆಯುತ್ತದೆ. ಕಡಲ್ಗಳ್ಳರ ರಾಜನಾದ ಮೇಲೆ ತಾನು ಏನು ಮಾಡಬೇಕು ಅಂದುಕೊಂಡಿದ್ದೇನೆ ಎಂಬುದನ್ನು ನಾಯಕ ಲೂಫಿ ತನ್ನ ಸಂಗಡಿಗರಿಗೆ ಮೊದಲ ಸಲ ಹೇಳುತ್ತಾನೆ. ಕೆಲವರು ನಗುತ್ತಾರೆ, ಕೆಲವರು ಬಾಯಿ ತೆರೆದು ನಿಲ್ಲುತ್ತಾರೆ. ಅವರೆಲ್ಲರ ಕಿವಿಗೂ ಬಿದ್ದ ಆ ಮಾತು ಓದುಗರಾದ ನಮಗೆ ಮಾತ್ರ ಸಿಗುವುದಿಲ್ಲ. ಕಥೆಗಾರ ಎಯಿಚಿರೊ ಓಡಾ ಮಾತನ್ನು ನುಂಗಿಕೊಂಡು ಕೇಳಿದವರ ಮುಖಗಳನ್ನಷ್ಟೇ ಬರೆದುಕೊಟ್ಟಿದ್ದಾರೆ.

ಆ ನುಂಗಿದ ಮಾತು ಯಾವುದು ಎಂದು ಅಂದಿನಿಂದ ಜಗತ್ತಿನ ತುಂಬ ಓದುಗರು ತಲೆ ಕೆಡಿಸಿಕೊಂಡಿದ್ದಾರೆ. ಇದನ್ನೇ ಫ್ಯಾನ್ ಥಿಯರಿ ಅನ್ನುವುದು. ಕಥೆಯೊಳಗಿನ ಸುಳಿವುಗಳನ್ನು ಹೆಕ್ಕಿ, ಮುಂದೇನಾಗುತ್ತದೆ ಎಂದು ಓದುಗರೇ ಕಟ್ಟುವ ತರ್ಕ. ಹೆಚ್ಚಿನ ಥಿಯರಿಗಳನ್ನು ಓದಿದಾಗ ನನಗೆ ಅನ್ನಿಸುವುದು ಒಂದೇ: ನಮ್ಮವರು ನಾಯಕನಿಗೆ ದೊಡ್ಡ ಗುರಿಯೊಂದನ್ನು ಹುಡುಕುತ್ತಿದ್ದಾರೆ. ಓಡಾ ಕೊಟ್ಟಿರುವ ಸುಳಿವುಗಳೆಲ್ಲ ತೋರಿಸುತ್ತಿರುವುದು ಸಣ್ಣದೊಂದನ್ನು. ಇದು ಬರೀ ಮಂಗಾ ಓದುವವರ ತಕರಾರಲ್ಲ ಅನ್ನುವುದಕ್ಕೂ ನನ್ನಲ್ಲಿ ಕಾರಣವಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಈ ಕಥೆಯ ಗಂಧಗಾಳಿ ಇಲ್ಲದವರಿಗಾಗಿ ನಾಲ್ಕು ಮಾತು. ‘ಒನ್ ಪೀಸ್’ ಶುರುವಾದದ್ದು 1997ರ ಜುಲೈನಲ್ಲಿ, ಜಪಾನಿನ ಶುಯೇಶಾ ಪ್ರಕಾಶನದ ‘ವೀಕ್ಲಿ ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ. ಕುಮಾಮೊಟೊದಲ್ಲಿ ಹುಟ್ಟಿದ ಓಡಾಗೆ ಆಗ 22 ವರ್ಷ. ಐದು ವರ್ಷದಲ್ಲಿ ಮುಗಿಸುವ ಅಂದಾಜಿತ್ತಂತೆ. ಇಪ್ಪತ್ತೈದು ವರ್ಷ ದಾಟಿದರೂ ಮುಗಿದಿರಲಿಲ್ಲ. 2022ರ ಜುಲೈನಲ್ಲಿ ಕೊನೆಯ ಘಟ್ಟ ಆರಂಭವಾಯಿತು ಎಂದು ಓಡಾ ತಿಳಿಸಿದರು. ಅದೇ ವರ್ಷ ಈ ಮಂಗಾದ ಪ್ರತಿಗಳ ಸಂಖ್ಯೆ 50 ಕೋಟಿ ದಾಟಿತು. ಕಥೆ ಇಷ್ಟೇ: ಗಲ್ಲುಗಂಬದ ಮೇಲೆ ನಿಂತ ಗೋಲ್ ಡಿ. ರೋಜರ್ ಎಂಬ ಕಡಲ್ಗಳ್ಳರ ರಾಜ ತನ್ನ ನಿಧಿಯನ್ನು ಹುಡುಕಿಕೊಳ್ಳಿ ಎಂದು ಸವಾಲೆಸೆದು ಸಾಯುತ್ತಾನೆ. ಜಗತ್ತಿಗೆ ಜಗತ್ತೇ ಹಡಗು ಹತ್ತುತ್ತದೆ. ಇಪ್ಪತ್ತೆರಡು ವರ್ಷಗಳ ನಂತರ, ಮೈಯನ್ನು ರಬ್ಬರಿನಂತೆ ಹಿಗ್ಗಿಸಬಲ್ಲ 17 ವರ್ಷದ ಹುಡುಗನೊಬ್ಬ ಹುಲ್ಲಿನ ಟೋಪಿ ಹಾಕಿಕೊಂಡು, ಮುಂದಿನ ರಾಜ ತಾನೇ ಎನ್ನುತ್ತ ಸಣ್ಣ ದೋಣಿಯಲ್ಲಿ ಹೊರಡುತ್ತಾನೆ.

ಲೂಫಿಯ ಹಡಗಿನಲ್ಲಿ ಎಲ್ಲರಿಗೂ ಒಂದೊಂದು ಗುರಿ ಇದೆ. ಜೋರೊಗೆ ಜಗತ್ತಿನ ಅತಿ ದೊಡ್ಡ ಕತ್ತಿವರಸೆಗಾರ ಆಗಬೇಕು. ನಾಮಿಗೆ ಇಡೀ ಜಗತ್ತಿನ ನಕ್ಷೆ ಬರೆಯಬೇಕು. ಅಡುಗೆಯವ ಸಾಂಜಿಗೆ ಎಲ್ಲ ಕಡಲುಗಳ ಮೀನೂ ಒಂದೇ ಕಡೆ ಸಿಗುವ ‘ಆಲ್ ಬ್ಲೂ’ ಬೇಕು. ವೈದ್ಯ ಚಾಪರ್‌ಗೆ ಯಾವ ರೋಗಕ್ಕೂ ಮದ್ದು ಬೇಕು, ರಾಬಿನ್‌ಗೆ ಅಳಿಸಿಹಾಕಿದ ನೂರು ವರ್ಷಗಳ ಇತಿಹಾಸ ಬೇಕು, ಅಸ್ಥಿಪಂಜರವಾಗಿರುವ ಬ್ರೂಕ್‌ಗೆ ದಶಕಗಳಿಂದ ಕಾಯುತ್ತಿರುವ ಒಂದು ತಿಮಿಂಗಿಲವನ್ನು ಮತ್ತೊಮ್ಮೆ ನೋಡಬೇಕು. ಇವೆಲ್ಲ ನಮಗೆ ಮೊದಲೇ ಗೊತ್ತು. ಗ್ರ್ಯಾಂಡ್ ಲೈನ್ ಎಂಬ ಅಪಾಯದ ಕಡಲಿಗೆ ಇಳಿಯುವ ಮುನ್ನ ಮೊದಲ ಐವರು ಒಂದು ಪೀಪಾಯಿಯ ಮೇಲೆ ಕಾಲಿಟ್ಟು ಬಾಯಿಬಿಟ್ಟು ಹೇಳಿದ್ದೇ ಇದೆ. ಆಗ ಲೂಫಿಯೂ ಹೇಳಿದ್ದ, ರಾಜನಾಗುತ್ತೇನೆ ಎಂದು. ನಾವು ಅದನ್ನೇ ಅವನ ಕನಸು ಅಂದುಕೊಂಡೆವು. ಬಹಳ ವರ್ಷ ಹಾಗೆಯೇ ಓದಿದೆವು ಕೂಡ.

ಆಮೇಲೆ ಬಂತು ಬಾಲ್ಯದ ಕಥೆ. ಏಳು ವರ್ಷದ ಲೂಫಿ, ಹತ್ತು ವರ್ಷದ ಏಸ್ ಮತ್ತು ಸಾಬೊ, ಮೂವರೂ ಕಡಲ ಕಡೆ ಮುಖ ಮಾಡಿ ತಂತಮ್ಮ ಕನಸು ಹೇಳಿಕೊಳ್ಳುವ ದೃಶ್ಯ. ಉಳಿದಿಬ್ಬರ ಮಾತು ನಮಗೆ ಕೇಳಿಸುತ್ತದೆ, ಲೂಫಿಯದು ಕೇಳಿಸುವುದಿಲ್ಲ. ಅಣ್ಣಂದಿರು ಮೊದಲು ಬೆಪ್ಪಾಗಿ ನೋಡಿ ಆಮೇಲೆ ನಗುತ್ತಾರೆ. ರಾಜನಾಗುತ್ತೇನೆ ಅನ್ನುವುದಷ್ಟೇ ಆಗಿದ್ದರೆ ಅದನ್ನು ಮುಚ್ಚಿಡುವ ಅಗತ್ಯವೇ ಇರಲಿಲ್ಲ, ಅದನ್ನು ಅವನು ದಿನಕ್ಕೆ ಹತ್ತು ಸಲ ಕೂಗುತ್ತಾನೆ. ಅಂದರೆ ರಾಜನಾಗುವುದರ ಆಚೆಗೆ ಇನ್ನೊಂದಿದೆ. ರಾಜನ ಪಟ್ಟ ಆ ಇನ್ನೊಂದಕ್ಕೆ ದಾರಿ ಮಾತ್ರ. 1060ನೇ ಅಧ್ಯಾಯ ಇದನ್ನು ಅನುಮಾನಕ್ಕೆಡೆಯಿಲ್ಲದಂತೆ ಖಚಿತಪಡಿಸಿತು.

ಈಗ ಥಿಯರಿಗಳ ಸಂತೆಗೆ ಬರೋಣ.

ಬಹಳ ಜನ ನೆಚ್ಚಿರುವುದು ರೆಡ್ ಲೈನ್ ಒಡೆಯುವ ಥಿಯರಿ. ಒನ್ ಪೀಸ್ ಜಗತ್ತಿನಲ್ಲಿ ರೆಡ್ ಲೈನ್ ಎಂಬ ಖಂಡ ಭೂಮಿಯನ್ನು ಒಡ್ಯಾಣದಂತೆ ಸುತ್ತಿಕೊಂಡಿದೆ. ಅದು ಮತ್ತು ಅದಕ್ಕೆ ಅಡ್ಡಲಾಗಿ ಹರಿಯುವ ಗ್ರ್ಯಾಂಡ್ ಲೈನ್ ಸೇರಿ ಕಡಲನ್ನು ನಾಲ್ಕು ಭಾಗ ಮಾಡಿವೆ. ಆ ಗೋಡೆ ಒಡೆದರೆ ಕಡಲುಗಳೆಲ್ಲ ಬೆರೆತು ಸಾಂಜಿಯ ಆಲ್ ಬ್ಲೂ ತಾನಾಗಿ ಹುಟ್ಟುತ್ತದೆ. ರೆಡ್ ಲೈನ್ ಕೆಳಗೆ ಹತ್ತು ಸಾವಿರ ಮೀಟರ್ ಆಳದಲ್ಲಿ ಮತ್ಸ್ಯಮಾನವರ ದ್ವೀಪವಿದೆ. ಅದನ್ನು ಲೂಫಿ ನಾಶ ಮಾಡುತ್ತಾನೆಂದು ಮತ್ಸ್ಯಕನ್ಯೆ ಶರ್ಲಿ ನುಡಿದ ಭವಿಷ್ಯ ಇನ್ನೂ ನಿಜವಾಗಿಲ್ಲ. ಗೋಡೆ ಕುಸಿದರೆ ಅದೂ ಸರಿಹೋಗುತ್ತದೆ. 2024ರ ಅಧ್ಯಾಯಗಳಲ್ಲಿ ವಿಜ್ಞಾನಿ ವೆಗಾಪಂಕ್, ಜಗತ್ತು ಕಡಲಲ್ಲಿ ಮುಳುಗುತ್ತಿದೆ ಎಂದು ಸಾರಿದ ಮೇಲಂತೂ ಈ ಪಾಳೆಯಕ್ಕೆ ಇನ್ನಷ್ಟು ಬಲ ಬಂದಿದೆ. ಒಪ್ಪುತ್ತೇನೆ, ಭೂಗೋಳದ ದೃಷ್ಟಿಯಿಂದ ಇಷ್ಟು ಚೊಕ್ಕದಾದ ಥಿಯರಿ ಇನ್ನೊಂದಿಲ್ಲ. ಕಥೆಯ ಕೊನೆಗೆ ರೆಡ್ ಲೈನ್ ನಿಜವಾಗಿಯೂ ಒಡೆದುಹೋದರೆ ನನಗೇನೂ ಆಶ್ಚರ್ಯವಾಗದು.

ಆದರೆ ಅದು ಏಳು ವರ್ಷದ ಹುಡುಗನ ಕನಸಾಗಲು ಸಾಧ್ಯವೇ? ಫೂಶಾ ಎಂಬ ಹಳ್ಳಿಯಲ್ಲಿ ಬೆಳೆದ, ದೊಡ್ಡವನಾದ ಮೇಲೂ ನಕ್ಷೆಯ ತಲೆಬುಡ ಅರಿಯದ ಹುಡುಗ, ಖಂಡ ಒಡೆದು ಕಡಲು ಬೆರೆಸುತ್ತೇನೆ ಎಂದು ಅಣ್ಣಂದಿರ ಮುಂದೆ ಹೇಳುತ್ತಾನೆಯೇ? ಹೆಚ್ಚಿನ ಥಿಯರಿಗಳು ಮುಗ್ಗರಿಸುವುದು ಇಲ್ಲೇ. ಕಥೆ ಎಲ್ಲಿಗೆ ಮುಟ್ಟುತ್ತದೆ ಅನ್ನುವುದನ್ನು ನಾಯಕನಿಗೆ ಏನು ಬೇಕು ಅನ್ನುವುದರೊಂದಿಗೆ ಕಲಸಿಬಿಡುತ್ತವೆ.

ಎರಡನೆಯದು ವಿಮೋಚನೆಯ ಥಿಯರಿ. 2022ರ ಮಾರ್ಚ್‌ನಲ್ಲಿ ಬಂದ 1044ನೇ ಅಧ್ಯಾಯದಲ್ಲಿ, ಲೂಫಿ ತಿಂದದ್ದು ರಬ್ಬರಿನ ಹಣ್ಣಲ್ಲ, ನಿಕಾ ಎಂಬ ಸೂರ್ಯದೇವರ ಹಣ್ಣು ಎಂದು ಬಯಲಾಯಿತು. ನಿಕಾ ಎಂದರೆ ಗುಲಾಮರು ಮೊರೆಯಿಡುತ್ತಿದ್ದ, ಜನರನ್ನು ನಗಿಸುತ್ತ ಬಿಡುಗಡೆ ಮಾಡುವ ದೇವರು. ಹಾಗಾಗಿ ಲೂಫಿಯ ಗುರಿ ಜಗತ್ತನ್ನೆಲ್ಲ ದಾಸ್ಯದಿಂದ ಬಿಡಿಸುವುದು ಎನ್ನುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಮತ್ಸ್ಯಮಾನವರ ದ್ವೀಪದಲ್ಲಿ ಜನರ ಪಾಲಿಗೆ ನಾಯಕನಾಗು ಎಂದು ಜಿನ್ಬೆ ಬೇಡಿಕೊಂಡಾಗ ಲೂಫಿ ಕೊಟ್ಟ ಉತ್ತರ ಇವರಿಗೆ ಮರೆತುಹೋಗಿದೆ. ವೀರ ಅನ್ನಿಸಿಕೊಂಡವನು ತನ್ನ ಮಾಂಸದ ತುಂಡನ್ನು ಬೇರೆಯವರಿಗೆ ಹಂಚಬೇಕಾಗುತ್ತದೆ, ತನಗೆ ಆ ಮಾಂಸ ತಿನ್ನಬೇಕು, ಹಾಗಾಗಿ ವೀರಗೀರ ಆಗಲಾರೆ ಎಂದಿದ್ದ ಅವನು. ಲೂಫಿ ಎಷ್ಟೋ ದೇಶಗಳನ್ನು ದುಷ್ಟರಿಂದ ಬಿಡಿಸಿದ್ದಾನೆ, ನಿಜ. ಆದರೆ ಪ್ರತಿ ಸಲವೂ ಶುರುವಾದದ್ದು ಸಿದ್ಧಾಂತದಿಂದಲ್ಲ, ಯಾರೋ ಒಬ್ಬ ಗೆಳೆಯನೋ ಗೆಳತಿಯೋ ಅತ್ತದ್ದರಿಂದ.

ಇನ್ನು ಚಂದ್ರನಿಗೆ ಹೋಗುತ್ತಾನೆ, ಕಡಲ್ಗಳ್ಳತನವನ್ನೇ ರದ್ದು ಮಾಡುತ್ತಾನೆ ಎಂಬ ಥಿಯರಿಗಳೂ ಇವೆ. ಇರಲಿ.

ನನಗೆ ಹಿಡಿಸಿದ್ದು ಔತಣದ ಥಿಯರಿ. ರಾಜನಾದ ಮೇಲೆ ಲೂಫಿಗೆ ಬೇಕಿರುವುದು ಇಡೀ ಜಗತ್ತನ್ನು ಕೂರಿಸಿ ಒಂದು ಊಟ ಹಾಕುವುದು. ಮನುಷ್ಯ, ಮತ್ಸ್ಯಮಾನವ, ದೈತ್ಯ, ಆಕಾಶದ್ವೀಪದವರು ಎಲ್ಲರೂ ಒಂದೇ ಪಂಕ್ತಿಯಲ್ಲಿ. ಮೊದಲು ಕೇಳಿದಾಗ ಇದೇನು ಥಿಯರಿಯೇ ಅನ್ನಿಸಬಹುದು. ಆದರೆ ಕಥೆಯನ್ನು ಹಿಂದಿನಿಂದ ಓದಿಕೊಂಡು ಬನ್ನಿ. ದೊಡ್ಡ ಹೋರಾಟ ಮುಗಿದ ಬಳಿಕ ಓಡಾ ಬರೆಯುವುದು ಸಿಂಹಾಸನಾರೋಹಣಕ್ಕಿಂತ ಹೆಚ್ಚಾಗಿ ಊಟವನ್ನು. ವಾನೊ ದೇಶದ ಭಾಗವನ್ನೇ ತೆಗೆದುಕೊಳ್ಳಿ. ಆಯುಧ ಕಾರ್ಖಾನೆಗಳ ವಿಷ ಹರಿದು ಹೊಳೆಗಳು ಕೆಟ್ಟಿವೆ, ಜನ ಹಸಿದಿದ್ದಾರೆ. ಟಾಮಾ ಎಂಬ ಪುಟ್ಟ ಹುಡುಗಿ ತನ್ನ ಪಾಲಿಗೆ ಅಪರೂಪಕ್ಕೆ ಬಂದ ಅನ್ನವನ್ನು ಲೂಫಿಗೆ ಬಡಿಸಿ, ತಾನು ಹಸಿವು ತಾಳಲಾರದೆ ಆ ವಿಷದ ಹೊಳೆಯ ನೀರು ಕುಡಿದು ಮಲಗುತ್ತಾಳೆ. ತಾನು ಈ ದೇಶ ಬಿಡುವಷ್ಟರಲ್ಲಿ ಅವಳು ದಿನವೂ ಹೊಟ್ಟೆ ತುಂಬ ಉಣ್ಣುವಂತೆ ಮಾಡುತ್ತೇನೆ ಎಂದು ಲೂಫಿ ಮಾತು ಕೊಡುತ್ತಾನೆ. ನೂರಕ್ಕೂ ಹೆಚ್ಚು ಅಧ್ಯಾಯಗಳ ಕಾಳಗ ನಡೆದು, ಕೊನೆಗೆ ಬಲಶಾಲಿ ಕೈಡೊ, ನೀನು ಎಂಥ ಜಗತ್ತು ಕಟ್ಟಬಲ್ಲೆ ಎಂಬರ್ಥದಲ್ಲಿ ಕೇಳಿದಾಗ ಲೂಫಿ ಕೊಟ್ಟ ಉತ್ತರವೂ ಇಷ್ಟೇ, ಗೆಳೆಯರು ಹೊಟ್ಟೆ ತುಂಬ ಊಟ ಮಾಡುವಂಥದ್ದು ಎಂದು. ನ್ಯಾಯ, ಸಮಾನತೆ, ಸ್ವಾತಂತ್ರ್ಯ, ಒಂದು ದೊಡ್ಡ ಪದವೂ ಇಲ್ಲ.

ಮಾಂಸ ಹಂಚಲಾರೆ ಎಂದವನೇ ಈಗ ಊರಿಗೆಲ್ಲ ಊಟ ಹಾಕಲು ಹೊರಟಿದ್ದಾನೆ ಅನ್ನುವುದು ವಿರೋಧಾಭಾಸದಂತೆ ಕಾಣಬಹುದು. ನನಗೆ ಹಾಗನ್ನಿಸುವುದಿಲ್ಲ. ತನ್ನ ತಟ್ಟೆಯದನ್ನು ತ್ಯಾಗ ಮಾಡುವುದು ಬೇರೆ, ಎಲ್ಲರ ತಟ್ಟೆಯೂ ತುಂಬಿರುವ ಊಟದಲ್ಲಿ ತಾನೂ ಕೂತು ತಿನ್ನುವುದು ಬೇರೆ. ಮೊದಲನೆಯದು ವೀರನ ಕೆಲಸ. ಎರಡನೆಯದು ಹುಡುಗನ ಆಸೆ.

ಯಾವ ಥಿಯರಿಯಾದರೂ ದಾಟಬೇಕಾದ ಕೆಲವು ಹೊಳೆಗಳನ್ನು ಓಡಾ ಅಡ್ಡಲಾಗಿ ಹರಿಸಿಟ್ಟಿದ್ದಾರೆ. ಏಳು ವರ್ಷದ ಮಗು ಹೇಳಬಲ್ಲ ಮಾತಾಗಿರಬೇಕು ಅನ್ನುವುದು ಆಗಲೇ ಬಂತು. ಅದೇ ಮಾತನ್ನು ರೋಜರ್ ಕೂಡ ಹೇಳಿರಬೇಕು. ವಾಸಿಯಾಗದ ಕಾಯಿಲೆ ಹೊತ್ತುಕೊಂಡು ಕೊನೆಯ ಯಾನಕ್ಕೆ ಹೊರಟ ದೊಡ್ಡ ಮನುಷ್ಯ ಅವನು. ರೋಜರ್‌ನ ಬಲಗೈಯಾಗಿದ್ದ ರೇಲಿ ಇದನ್ನು ನೆನೆಯುತ್ತಾನೆ: ಒಂದು ಕೈ ಕಳೆದುಕೊಂಡು, ಟೋಪಿಯಿಲ್ಲದೆ ಬಂದ ಶಾಂಕ್ಸ್, ನಮ್ಮ ಕ್ಯಾಪ್ಟನ್ ಹೇಳಿದ್ದ ಮಾತನ್ನೇ ಹೇಳುವ ಹುಡುಗನೊಬ್ಬ ಸಿಕ್ಕ ಎಂದು ಹಿಗ್ಗಿದ್ದನಂತೆ. 1000ನೇ ಅಧ್ಯಾಯದ ಆಸುಪಾಸಿನಲ್ಲಿ ಯಮಾಟೊ ಕೂಡ, ಓಡೆನ್‌ನ ದಿನಚರಿಯಲ್ಲಿ ಓದಿದ ರೋಜರ್‌ನ ಮಾತು ಮತ್ತು ಏಸ್ ಬಾಯಲ್ಲಿ ಕೇಳಿದ ಲೂಫಿಯ ಮಾತು ಒಂದೇ ಎಂದು ಕಂಡುಕೊಂಡದ್ದಿದೆ. ಇನ್ನು, ಕೇಳಿದವರು ನಗಬೇಕು, ಆದರೆ ಹೀಯಾಳಿಸಿ ಅಲ್ಲ. ಕೊನೆಗೆ, ಕಡಲ್ಗಳ್ಳರ ರಾಜನಾಗದೆ ಅದು ಕೈಗೂಡಬಾರದು.

ಖಂಡ ಒಡೆಯುವುದಕ್ಕೆ ಯಾರೂ ಹಾಗೆ ನಗುವುದಿಲ್ಲ. ಜನರ ಬಿಡುಗಡೆಗೆ ನಕ್ಕರೆ ಅದು ಸಂಗಡಿಗರ ಸಣ್ಣತನವಾಗುತ್ತದೆ. ಊಟಕ್ಕೆ ಮಾತ್ರ ನಗಬಹುದು. ನಕ್ಕ ಮೇಲೆ, ಅಯ್ಯೋ ಇದು ಆಗುವ ಮಾತೇ ಎಂದು ಬಾಯಿ ತೆರೆಯಲೂಬಹುದು. ಯಾಕೆಂದರೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರಬೇಕಾದರೆ ಮತ್ಸ್ಯಮಾನವರನ್ನು ಮಾರುವ ಸಂತೆ ಮುಚ್ಚಬೇಕು, ರೆಡ್ ಲೈನ್ ಮೇಲೆ ಕುಳಿತ ಕುಲೀನರು ಕೆಳಗಿಳಿಯಬೇಕು, ನಾಲ್ಕು ಕಡಲಿನವರಿಗೂ ದಾರಿಯಾಗಬೇಕು. ಬಾಲಿಶವಾದ ಆಸೆಯ ಹಿಂದೆ ಅಸಾಧ್ಯವಾದ ಕೆಲಸಗಳ ದೊಡ್ಡ ಸಾಲು. ಉಳಿದ ಥಿಯರಿಗಳು ಹೇಳುವ ದೊಡ್ಡ ಘಟನೆಗಳೆಲ್ಲ ಈ ಸಣ್ಣ ಆಸೆಯೊಳಗೆ ಹೊಂದಿಕೊಂಡು ಕೂರುತ್ತವೆ ಅನ್ನುವುದು ನನ್ನ ವಾದ.

1060ನೇ ಅಧ್ಯಾಯದ ಕೊನೆಯನ್ನೂ ಗಮನಿಸಬೇಕು. ಹಡಗಿನ ಮೇಲೆ ನಗೆ ಎದ್ದ ಅದೇ ಅಧ್ಯಾಯ ಮುಗಿಯುವುದು ಲುಲೂಷಿಯಾ ಎಂಬ ರಾಜ್ಯ, ಮೇಲಿನಿಂದ ಬಿದ್ದ ಬೆಳಕಿಗೆ ಹೇಳಹೆಸರಿಲ್ಲದಂತೆ ಅಳಿಸಿಹೋಗುವುದರೊಂದಿಗೆ. ಒಂದು ಕಡೆ ತನ್ನ ಆಸೆಯನ್ನು ಹತ್ತು ಜನರಿಗೆ ಹೇಳಿಕೊಂಡು ನಗಿಸಿಕೊಳ್ಳುವ ಹುಡುಗ. ಇನ್ನೊಂದು ಕಡೆ ಜಗತ್ತಿನ ಮೇಲೆ ಗುಟ್ಟಾಗಿ ಕುಳಿತು ದ್ವೀಪವನ್ನೇ ಒರೆಸಿಹಾಕುವ ಅಧಿಕಾರ. ಓಡಾ ಇವೆರಡನ್ನೂ ಒಂದೇ ಅಧ್ಯಾಯದೊಳಗೆ ಸುಮ್ಮನೆ ಇಟ್ಟಿರಲಾರರು.

ಥಿಯರಿ ಕಟ್ಟುವುದೇ ವ್ಯರ್ಥ ಎನ್ನುವವರಿದ್ದಾರೆ. ಅವರು ಲೂಫಿಯದೇ ಒಂದು ಘಟನೆಯನ್ನು ಮುಂದಿಡುತ್ತಾರೆ. ಸಬವೋಡಿ ದ್ವೀಪದಲ್ಲಿ ರೇಲಿ ಎದುರಿಗೇ ಕುಳಿತಿದ್ದಾನೆ, ನಿಧಿ ಎಲ್ಲಿದೆ ಎಂದು ಬಲ್ಲವನು. ಉಸೊಪ್ ಕೇಳಲು ಬಾಯಿ ತೆರೆಯುತ್ತಾನೆ. ಲೂಫಿ ಸಿಡಿದೆದ್ದು ತಡೆಯುತ್ತಾನೆ. ನಿಧಿ ಎಲ್ಲಿದೆ ಎಂಬುದಿರಲಿ, ಇದೆಯೋ ಇಲ್ಲವೋ ಎಂಬುದೂ ತನಗೆ ಬೇಡ, ಉತ್ತರ ಗೊತ್ತಾದ ಪ್ರಯಾಣಕ್ಕೆ ತಾನು ಹೊರಡುವುದಿಲ್ಲ ಎನ್ನುತ್ತಾನೆ. ಹಾಗಿದ್ದರೆ ಓದುಗರು ಮಾತ್ರ ಕೊನೆಯ ಪುಟವನ್ನು ಮೊದಲೇ ಯಾಕೆ ಓದಬೇಕು ಎಂಬುದು ಅವರ ಪ್ರಶ್ನೆ. ನನಗೆ ಇದರಲ್ಲಿ ಅರ್ಧ ಮಾತ್ರ ಒಪ್ಪಿಗೆ. ವಾರಕ್ಕೆ ಮೊದಲೇ ಕದ್ದು ಹೊರಬಿಡುವ ಪುಟಗಳನ್ನು ಹುಡುಕಿ ಓದುವುದು ರೇಲಿಯನ್ನು ಕೇಳಿದಂತೆ. ಥಿಯರಿ ಹಾಗಲ್ಲ. ಅದು ಈಗಾಗಲೇ ಓದಿದ್ದನ್ನು ಮತ್ತೆ ಓದುವುದು, ಹತ್ತು ವರ್ಷ ಹಿಂದಿನ ಒಂದು ಚೌಕಟ್ಟಿನಲ್ಲಿ ಯಾರು ಯಾಕೆ ನಕ್ಕರು ಎಂದು ಯೋಚಿಸುವುದು. ಕಾಲೇಜಿನಲ್ಲಿ ಪಠ್ಯವನ್ನು ನಾವು ಇಷ್ಟು ಶ್ರದ್ಧೆಯಿಂದ ಓದಿದ್ದರೆ ನಮ್ಮ ಮೇಷ್ಟ್ರುಗಳಿಗೆ ಆನಂದಬಾಷ್ಪವೇ ಬರುತ್ತಿತ್ತು.

ದೊಡ್ಡ ಗುರಿಯ ಹುಡುಕಾಟ ಕೈಕೊಟ್ಟ ಉದಾಹರಣೆ ಬೇಕೆಂದರೆ ಹಾಜಿಮೆ ಇಸಾಯಾಮ ಅವರ ‘ಅಟ್ಯಾಕ್ ಆನ್ ಟೈಟನ್’ ಇದೆ. 2009ರಲ್ಲಿ ಶುರುವಾಗಿ 2021ರ ಏಪ್ರಿಲ್‌ನಲ್ಲಿ 139ನೇ ಅಧ್ಯಾಯದೊಂದಿಗೆ ಮುಗಿದ ಕಥೆ. (ಓದದವರು ಈ ಪ್ಯಾರಾ ಹಾರಿಸಿ ಮುಂದೆ ಹೋಗಬಹುದು.) ತಾಯಿಯನ್ನು ಕಣ್ಣೆದುರೇ ಕಳೆದುಕೊಂಡ ಎರೆನ್, ಟೈಟನ್‌ಗಳನ್ನೆಲ್ಲ ನಿರ್ನಾಮ ಮಾಡುತ್ತೇನೆಂದು ಹೊರಟವನು, ಕೊನೆಗೆ ಜಗತ್ತನ್ನೇ ತುಳಿಸಲು ನಿಲ್ಲುತ್ತಾನೆ. ಅವನ ನಿಜವಾದ ಉದ್ದೇಶ ಏನೆಂದು ಓದುಗರು ಕಾಲಚಕ್ರದ ಸುರುಳಿಗಳನ್ನೆಲ್ಲ ಹೆಣೆದು ಥಿಯರಿ ಕಟ್ಟಿದ್ದರು. ಕೊನೆಯ ಅಧ್ಯಾಯದಲ್ಲಿ ಕಂಡದ್ದು ಎಲ್ಲ ತಿಳಿದ ಮಹಾ ಯೋಜಕನಲ್ಲ. ತನ್ನ ಆಸೆ ತನಗೇ ಪೂರ್ತಿ ಅರ್ಥವಾಗದೆ ಗೆಳೆಯನ ಮುಂದೆ ಒದ್ದಾಡುವ ಹುಡುಗ. ಓದುಗರು ಎರಡು ಪಾಳೆಯವಾದರು. ಮೋಸವಾಯಿತು ಎಂದವರಲ್ಲಿ ಎಷ್ಟೋ ಜನರಿಗೆ ಮೋಸ ಮಾಡಿದ್ದು ಕಥೆಗಾರನಿಗಿಂತ ಹೆಚ್ಚಾಗಿ ಅವರವರ ಥಿಯರಿಯೇ.

ಇದಕ್ಕಿಂತ ನನ್ನನ್ನು ಕಾಡುವುದು ಮಸಾಶಿ ಕಿಶಿಮೊಟೊ ಅವರ ‘ನರುಟೊ’. 1999ರಲ್ಲಿ ಶುರುವಾದ ಈ ಕಥೆಯ ನಾಯಕನ ಗುರಿಯ ಬಗ್ಗೆ ಯಾವ ಥಿಯರಿಯೂ ಬೇಕಿರಲಿಲ್ಲ. ಹೊಕಾಗೆ, ಅಂದರೆ ಊರಿನ ಮುಖ್ಯಸ್ಥ, ಆಗಬೇಕು. ಒಂದು ಹುದ್ದೆ. 2014ರ ನವೆಂಬರಿನಲ್ಲಿ 700ನೇ ಅಧ್ಯಾಯದಲ್ಲಿ ಅವನು ಆ ಹುದ್ದೆಯಲ್ಲಿರುವುದನ್ನು ಕಂಡೆವು. ಅದೇ ಅಧ್ಯಾಯದಲ್ಲಿ ಅವನ ಮಗ ಬೊರುಟೊ, ಅಪ್ಪ ತನ್ನ ಕಡೆ ನೋಡಲಿ ಎಂದು ಊರಿನ ಹಿರಿಯರ ಮುಖಗಳನ್ನು ಕೆತ್ತಿದ ಬೆಟ್ಟಕ್ಕೆ ಬಣ್ಣ ಬಳಿಯುತ್ತಾನೆ. ಚಿಕ್ಕವನಿದ್ದಾಗ ನರುಟೊ ಮಾಡಿದ್ದೂ ಅದನ್ನೇ, ಊರು ತನ್ನ ಕಡೆ ನೋಡಲಿ ಎಂದು. ಮುಂದುವರಿದ ಕಥೆಯಲ್ಲಿ ನರುಟೊ ಕಾಗದಪತ್ರದ ರಾಶಿಯ ಹಿಂದೆ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿರುತ್ತಾನೆ, ಮನೆಯ ಊಟಕ್ಕೆ ಬಿಡುವಿಲ್ಲ. ಅವನಿಗೆ ನಿಜವಾಗಿ ಬೇಕಿದ್ದದ್ದು ಹುದ್ದೆಯಲ್ಲ, ಯಾರಾದರೂ ತನ್ನನ್ನು ಗುರುತಿಸಲಿ ಅನ್ನುವುದು. ಹುದ್ದೆ ಸಿಕ್ಕಿತು, ಗುರುತೂ ಸಿಕ್ಕಿತು, ಆ ಮೇಲಿನದ್ದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ.

ನಾನು ಇರುವುದು ಧಾರವಾಡದ ಸಪ್ತಾಪುರದಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರೇ ತುಂಬಿರುವ ಓಣಿಯೊಂದರ ರೂಮಿನಲ್ಲಿ. ನಮ್ಮಲ್ಲಿ ಯಾರನ್ನಾದರೂ ಗುರಿ ಏನೆಂದು ಕೇಳಿ. ಪಿಡಿಒ, ಎಫ್‌ಡಿಎ, ಪಿಎಸ್‌ಐ, ಕೆಎಎಸ್. ಉತ್ತರ ಮೂರಕ್ಷರಕ್ಕಿಂತ ಉದ್ದವಿರುವುದಿಲ್ಲ. ಊರಿಗೆ ಹೋದಾಗ ಕಾಕಾ ಕೇಳುವುದೂ ಅದನ್ನೇ, “ಏನ್ ಆಗಾಂವ ಇದ್ದಿ ತಮ್ಮಾ?” ಪಿಎಸ್‌ಐ ಅಂದರೆ ತಲೆದೂಗಿ ಚಹಾ ತರಿಸುತ್ತಾರೆ. “ಆದಮ್ಯಾಲೆ ಏನ್ ಮಾಡ್ತಿ?” ಎಂದು ಇವತ್ತಿನವರೆಗೆ ಒಬ್ಬರೂ ಕೇಳಿದ್ದಿಲ್ಲ. ಬೆಂಗಳೂರಿಗೆ ಹೋಗಿ ಕಂಪನಿ ಕೆಲಸ ಹುಡುಕುವ ಗೆಳೆಯರ ರೆಸ್ಯೂಮೆಗಳ ಕಥೆಯೂ ಅಷ್ಟೇ. ಮೊದಲ ಸಾಲು ‘ಆಬ್ಜೆಕ್ಟಿವ್’. ಸೀನಿಯರ್ ಒಬ್ಬ ಕೊಟ್ಟ ಫೈಲಿನಿಂದ ಇಡೀ ಬ್ಯಾಚು ಎತ್ತಿಕೊಂಡ ಸಾಲು. ಸಂದರ್ಶನದಲ್ಲಿ ಐದು ವರ್ಷದ ನಂತರ ಎಲ್ಲಿರುತ್ತೀಯ ಎಂದರೆ ಇನ್ನೊಂದು ಹುದ್ದೆಯ ಹೆಸರು ಹೇಳಬೇಕು. ನಿಜವಾದ ಆಸೆ ಇದ್ದರೂ ಹೇಳುವಂತಿಲ್ಲ, ಬಾಲಿಶ ಅನ್ನಿಸಿಬಿಡುತ್ತದೆ. ನಮ್ಮ ರೂಮಿನಲ್ಲೇ ಒಬ್ಬನಿದ್ದಾನೆ, ಪಿಡಿಒ ಆಗಬೇಕೆಂದು ಮೂರನೇ ಸಲ ಬರೆಯುತ್ತಿರುವವನು. ಯಾಕೆಂದು ಒಂದು ರಾತ್ರಿ ಕರೆಂಟು ಹೋದಾಗ ಹೇಳಿದ. ಅವರೂರ ಕೆರೆಯ ದಂಡೆಗೆ ದೀಪ ಹಾಕಿಸಬೇಕಂತೆ, ಚಿಕ್ಕಂದಿನಲ್ಲಿ ಕತ್ತಲಲ್ಲಿ ಅಲ್ಲಿಂದ ಬರಲು ಹೆದರುತ್ತಿದ್ದನಂತೆ. ನಾವು ಮೂವರೂ ನಕ್ಕೆವು. ಅವನೂ ನಕ್ಕ. ಆ ದೀಪದ ವಿಷಯವನ್ನು ಅವನು ಯಾವ ಅರ್ಜಿಯಲ್ಲೂ ಬರೆಯುವ ಹಾಗಿಲ್ಲ, ಅದಕ್ಕೆ ಕಾಲಂ ಇಲ್ಲ.

ಅದಕ್ಕೇ ಲೂಫಿಯ ಗುರಿಯ ಬಗ್ಗೆ ನಡೆಯುವ ವಾದವನ್ನು ನಾನು ಕಾಲಹರಣ ಅನ್ನುವುದಿಲ್ಲ. ಪಟ್ಟ ಬೇರೆ, ಪಟ್ಟ ಯಾಕೆ ಬೇಕು ಅನ್ನುವುದು ಬೇರೆ ಎಂದು ಇಪ್ಪತ್ತೈದು ವರ್ಷ ಎಳೆದೆಳೆದು ಹೇಳಿದ ಜನಪ್ರಿಯ ಕಥೆ ನನಗೆ ಗೊತ್ತಿರುವುದು ಇದೊಂದೇ. ಅಂಥ ಕಥೆಗೆ ನಾವು ಮತ್ತೆ ಇನ್ನೊಂದು ಪಟ್ಟವನ್ನೇ ಉತ್ತರವಾಗಿ ಹಚ್ಚಹೊರಟರೆ, ಜಗದ್ರಕ್ಷಕ, ವಿಮೋಚಕ, ಖಂಡಭೇದಿ ಎಂದು, ನಾವು ಕಾಕಾನ ಪ್ರಶ್ನೆಯಿಂದ ಆಚೆ ಬಂದೇ ಇಲ್ಲ.

ನನ್ನ ಥಿಯರಿಗೂ ತೂತಿದೆ. ಲಾಫ್ ಟೇಲ್ ದ್ವೀಪ ಮುಟ್ಟಿ, ಅಲ್ಲಿದ್ದುದನ್ನು ನೋಡಿ ರೋಜರ್ ಮತ್ತು ಸಂಗಡಿಗರು ಬಿದ್ದು ಬಿದ್ದು ನಕ್ಕರು. ಎಂಟುನೂರು ವರ್ಷ ಹಿಂದಿನ ಜಾಯ್ ಬಾಯ್ ಬಿಟ್ಟುಹೋದದ್ದು ಅದು. ತಾವು ಬೇಗ ಬಂದುಬಿಟ್ಟೆವು ಎಂದೂ ಅವರಿಗೆ ತಿಳಿಯಿತು. ಔತಣಕ್ಕೆ ಬೇಗ ಬರುವುದೆಂದರೇನು, ಅಲ್ಲಿ ನಗುವಂಥದ್ದು ಏನಿತ್ತು, ಲೂಫಿಯ ಕನಸಿಗೂ ಅದಕ್ಕೂ ಸಂಬಂಧವಿದೆಯೇ ಎಂದರೆ ನನ್ನಲ್ಲಿ ಗಟ್ಟಿ ಉತ್ತರವಿಲ್ಲ. ಕೆರೆದೀಪದ ಗೆಳೆಯ ಇದನ್ನೇ ಹಿಡಿದುಕೊಂಡು ನನ್ನನ್ನು ಕಾಡುತ್ತಾನೆ. ಅವನು ಅಪ್ಪಟ ರೆಡ್ ಲೈನ್ ಪಾರ್ಟಿ. ಅವನ ಪ್ರಕಾರ ನಿಧಿಯೆಂದರೆ ಗೋಡೆ ಒಡೆಯುವ ಉಪಾಯ. ಕಾಲ ಕೂಡಿಬರದಿದ್ದರಿಂದ ರೋಜರ್ ನಕ್ಕು ವಾಪಸಾದ.

ಜಪಾನಿನಲ್ಲಿ ಸೋಮವಾರ ಮಧ್ಯರಾತ್ರಿ ಕಳೆಯುತ್ತಿದ್ದಂತೆ ಹೊಸ ಅಧ್ಯಾಯ ಬಿಡುಗಡೆಯಾಗುತ್ತದೆ. ನಮ್ಮಲ್ಲಿ ಅದು ಭಾನುವಾರ ರಾತ್ರಿ ಎಂಟೂವರೆ. ಶುಯೇಶಾದ ‘ಮಂಗಾ ಪ್ಲಸ್’ ಆ್ಯಪಿನಲ್ಲಿ ಹೊಸ ಅಧ್ಯಾಯಗಳನ್ನು ಪುಕ್ಕಟೆ ಓದಬಹುದು. ಭಾನುವಾರ ರಾತ್ರಿ ನಮ್ಮ ಮೆಸ್ಸಿಗೆ ರಜೆ, ಊಟ ಇರುವುದಿಲ್ಲ. ಔತಣದ ಥಿಯರಿ ನನಗೆ ರುಚಿಸಲು ಅದೂ ಒಂದು ಕಾರಣವಿರಬಹುದು. ನಮ್ಮಿಬ್ಬರ ನಡುವೆ ಪಂದ್ಯವಾಗಿದೆ. ಮಾತು ಹೊರಬಿದ್ದ ದಿನ, ಸೋತವರು ರೂಮಿನ ನಾಲ್ವರಿಗೂ ಗಿರ್ಮಿಟ್ಟು, ಮಿರ್ಚಿ ಕೊಡಿಸಬೇಕು. ಅಷ್ಟರಲ್ಲಿ ಅವನಿಗೆ ನೌಕರಿಯಾಗಿದ್ದರೆ ಗೆದ್ದರೂ ಸೋತರೂ ಅವನೇ ಕೊಡಿಸಬೇಕು ಎಂದು ಉಳಿದಿಬ್ಬರು ಸೇರಿಸಿದ್ದಾರೆ.